28 ಮಿಲಿಮೀಟರಿನ ರಾಕೆಟ್ ಸಿಪಾಯಿ

ನಾನು ಮಾಡಿದ ಮೊದಲ ಗೊಂಬೆಗೆ ನನ್ನ ಮಗಳು ಇಟ್ಟ ಹೆಸರು ‘ಬೆಂದ ಆಲೂಗಡ್ಡೆ’. ಅವಳಿಗೆ ಆಗ ಒಂಬತ್ತು ವರ್ಷ. ಅಪ್ಪನ ಮನಸ್ಸಿಗೆ ಬೇಜಾರಾಗಬಾರದು ಅಂತ ಸುಳ್ಳು ಹೇಳೋ ವಯಸ್ಸಲ್ಲ. ಸಿಪಾಯಿ ಅಂತ ನಾನೇ ಹೇಳದಿದ್ದರೆ ಅದು ಸಿಪಾಯಿ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ ಬಿಡಿ.

ಭಾನುವಾರ ಮಧ್ಯಾಹ್ನ ಕುವೆಂಪುನಗರದಲ್ಲಿ ಒಬ್ಬ ಗೆಳೆಯನ ಮನೆಯಲ್ಲಿ ನಾವು ನಾಲ್ಕೈದು ಜನ ಸೇರುತ್ತೇವೆ. ಊಟದ ಟೇಬಲ್ ಮೇಲೆ ಹಸಿರು ಬಟ್ಟೆ ಹಾಸುತ್ತೇವೆ. ಅಡಿಯಲ್ಲಿ ಪುಸ್ತಕ ತುರುಕಿದರೆ ಗುಡ್ಡ ಆಯಿತು. ಪುಟ್ಟ ಪುಟ್ಟ ಸೈನಿಕರನ್ನು ನಿಲ್ಲಿಸಿ, ಸ್ಕೇಲಿನಲ್ಲಿ ಅಳೆದು ಮುಂದೆ ನಡೆಸಿ, ದಾಳ ಹಾಕಿ ಯುದ್ಧ ಆಡುತ್ತೇವೆ. ನಲವತ್ತು ದಾಟಿದವರು ಗೊಂಬೆ ಇಟ್ಟುಕೊಂಡು ಆಡೋದಾ ಅಂತ ನಗುವವರಿಗೆ ನನ್ನ ಉತ್ತರ ಒಂದೇ. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆ ನಡೆ ಇಟ್ಟುಕೊಂಡು ಎಷ್ಟು ತಲೆ ಕೆಡಿಸಿಕೊಂಡಿದ್ದರು ನೋಡಿ. ಇದು ಮೈಸೂರಿನ ಹಳೇ ಚಟ.

ನಮ್ಮದು ಮೈಸೂರಿನವರಿಗೂ ಇಂಗ್ಲಿಷರಿಗೂ ನಡೆದ ಯುದ್ಧಗಳ ಆಟ. 1780ರ ಪೊಲ್ಲಿಲೂರು ಕಾಳಗವನ್ನೇ ಜಾಸ್ತಿ ಆಡುತ್ತೇವೆ, ಅದರಲ್ಲಿ ನಾವು ಗೆದ್ದಿದ್ದೇವಲ್ಲ! ಕೆಂಪು ಕೋಟಿನ ಸೈನಿಕರನ್ನು ಒಬ್ಬ ಗೆಳೆಯ ಹೊರದೇಶದಿಂದ ತರಿಸಿದ್ದ. ಹೈದರ್, ಟಿಪ್ಪು ಕಾಲದ ರಾಕೆಟ್ ದಳದವರು ಮಾತ್ರ ನಮ್ಮ ಹತ್ತಿರ ಇರಲಿಲ್ಲ. ಅವರ ಜಾಗದಲ್ಲಿ ಹುಣಸೆ ಬೀಜ ಇಡುತ್ತಿದ್ದೆವು, ಚೌಕಾಬಾರದ ಕಾಯಿಯ ಹಾಗೆ. ಒಂದು ಭಾನುವಾರ ಒಬ್ಬ, “ಅಲ್ರಪ್ಪಾ, ಹುಣಸೆ ಬೀಜ ನೋಡಿ ಇಂಗ್ಲಿಷರು ಓಡಿದ್ರು ಅಂತ ಬರೀಬೇಕಾ?” ಅಂದ. ಎಲ್ಲರೂ ನಕ್ಕರು. “ನಾನೇ ಮಾಡ್ತೀನಿ ಬಿಡ್ರೋ” ಅಂದುಬಿಟ್ಟೆ. ನಾನು ಲೆಕ್ಕಪತ್ರದ ಕೆಲಸದವನು. ಅಲ್ಲಿಯವರೆಗೆ ಚಪಾತಿ ಹಿಟ್ಟನ್ನೂ ನೆಟ್ಟಗೆ ನಾದಿದವನಲ್ಲ.

ಮೊದಲ ಪ್ರಯತ್ನಕ್ಕೆ ಸಿಕ್ಕಿದ್ದು ಎಂ-ಸೀಲ್. ನೀರಿನ ಪೈಪ್ ಸೋರಿದರೆ ಹಾಕೋದು, ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಎರಡೂ ಭಾಗ ಕಲಸಿ, ಉಂಡೆ ಮಾಡಿ, ಕೈ ಕಾಲು ಎಳೆದು ಒಂದೇ ರಾತ್ರಿಯಲ್ಲಿ ಮುಗಿಸೋಣ ಅಂತ ಕೂತೆ. ಮುಖ ಚೆನ್ನಾಗಿಯೇ ಬಂತು. ಆಮೇಲೆ ಗೊಂಬೆ ತಿರುಗಿಸಿ ಬೆನ್ನು ಮಾಡಿದೆ. ಮತ್ತೆ ತಿರುಗಿಸಿ ನೋಡಿದರೆ ಮುಖದ ಜಾಗದಲ್ಲಿ ನನ್ನ ಹೆಬ್ಬೆಟ್ಟಿನ ಗುರುತು, ಆಧಾರ್ ಕಾರ್ಡಿಗೆ ಒತ್ತಿದಷ್ಟು ಸ್ಪಷ್ಟ. ಸರಿಮಾಡುವಷ್ಟರಲ್ಲಿ ಗಟ್ಟಿಯಾಗಿತ್ತು. ಇದೇ ಬೆಂದ ಆಲೂಗಡ್ಡೆ.

ಆಮೇಲೆ ಸ್ವಲ್ಪ ಓದಿದೆ, ಒಂದಷ್ಟು ವಿಡಿಯೋ ನೋಡಿದೆ. ಈ ಕೆಲಸಕ್ಕೆ ಹೆಚ್ಚಿನವರು ಬಳಸೋದು ‘ಗ್ರೀನ್ ಸ್ಟಫ್’ ಅನ್ನೋ ಪುಟ್ಟಿ, ಎಂ-ಸೀಲ್ ಥರವೇ ಕಲಸಿದ ಮೇಲೆ ಗಟ್ಟಿಯಾಗೋದು. ನೀಲಿ ಒಂದು ಪಟ್ಟಿ, ಹಳದಿ ಒಂದು ಪಟ್ಟಿ, ಎರಡನ್ನೂ ನಾದಿದರೆ ಹಸಿರು. ಆನ್‌ಲೈನಿನಲ್ಲಿ ತರಿಸಿದೆ. ಬೆಲೆ ನೋಡಿ ಹೆಂಡತಿ, “ರೀ, ಇಷ್ಟು ದುಡ್ಡಿಗೆ ಚನ್ನಪಟ್ಟಣದ ಗೊಂಬೆ ಒಂದು ಚೀಲ ಬರ್ತಿತ್ತು” ಅಂದಳು. ಸುಳ್ಳೇನಲ್ಲ.

ಈ ಸಲ ಒಳಗೆ ತಂತಿ ಹಾಕಬೇಕು ಅನ್ನೋ ಬುದ್ಧಿ ಬಂದಿತ್ತು. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತಂತಿಯ ತುಂಡುಗಳು ಸುಮ್ನೆ ಬಿದ್ದಿರುತ್ತವೆ, ಕೇಳಿದರೆ ಕೊಡುತ್ತಾರೆ. ಆದರೆ ಆ ತಂತಿಗೆ ನುಣ್ಣಗೆ ವಾರ್ನಿಷ್ ಇರುತ್ತದೆ. ಪುಟ್ಟಿ ಅದರ ಮೇಲೆ ನಿಲ್ಲಲೇ ಇಲ್ಲ. ಕಾಲಿಗೆ ಹಚ್ಚಿದ್ದು ಸಡಿಲ ಲುಂಗಿಯ ಹಾಗೆ ಸುತ್ತ ತಿರುಗುತ್ತಿತ್ತು. ಎಮೆರಿ ಪೇಪರಿನಲ್ಲಿ ಉಜ್ಜಿ, ಎರಡು ಎಳೆ ಹುರಿ ಮಾಡಿ ಹಾಕಬೇಕು ಅಂತ ತಿಳಿಯೋಕೆ ಎರಡು ಗೊಂಬೆ ಹಾಳಾದವು. ಹುರಿ ಮಾಡಿದ ತಂತಿಯ ತಿರುವಿಗೆ ಪುಟ್ಟಿ ಕಚ್ಚಿಕೊಳ್ಳುತ್ತದೆ.

ಅಷ್ಟಾದರೂ ಸಿಪಾಯಿ ಸಿಪಾಯಿಯಾಗಲಿಲ್ಲ. ನಾಲ್ಕನೆಯವನಿಗೆ ಕಣ್ಣು, ಮೂಗು, ಮೀಸೆ ಎಲ್ಲ ಇತ್ತು. ಆದರೆ ಬಸ್ಸಿಗೆ ಕಾಯೋನ ಹಾಗೆ ನಿಂತಿದ್ದ. ಏನು ಕೊರತೆ ಅಂತ ಗೊತ್ತಾಗಲಿಲ್ಲ.

ಗೌರಿ ಹಬ್ಬಕ್ಕೆ ಎರಡು ವಾರ ಇತ್ತು. ಗಣಪತಿ ನೋಡೋ ನೆಪದಲ್ಲಿ ಕುಂಬಾರಗೇರಿಗೆ ಹೋದೆ. ವಯಸ್ಸಾದ ಒಬ್ಬರು ಬಾಗಿಲಲ್ಲಿ ಕೂತು ಮಣ್ಣು ಮೆತ್ತುತ್ತಿದ್ದರು. ಜೇಬಿನಿಂದ ನಾಲ್ಕನೆಯವನನ್ನು ತೆಗೆದು ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ, ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿದರು.

“ಮುಖ ಎಲ್ಲಾ ಚೆನ್ನಾಗಿ ಮಾಡಿದ್ದೀರಿ ಸ್ವಾಮಿ. ಆದ್ರೆ ಇವನ ಭಾರ ಯಾವ ಕಾಲ ಮೇಲಿದೆ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಪಕ್ಕದಲ್ಲಿದ್ದ ತಲೆಯಿಲ್ಲದ ಗಣಪತಿ ತೋರಿಸಿದರು. “ಇದಕ್ಕಿನ್ನೂ ತಲೆ ಇಟ್ಟಿಲ್ಲ. ಆದ್ರೂ ಗಣಪತಿ ಕೂತವ್ನೆ ಅಂತ ಗೊತ್ತಾಗಲ್ವಾ? ಮೊದ್ಲು ಕೂರಕ್ಕೆ ಬರಬೇಕು. ಮುಖ ಆಮೇಲಿಂದು.”

ಸ್ವಲ್ಪ ಒಣಗಿಸಿ ಮೇಲೆ ಮೆತ್ತಬಹುದಾ ಯಜಮಾನ್ರೇ ಅಂತ ಕೇಳಿದೆ. ಇಲ್ಲ ಅಂತ ತಲೆ ಆಡಿಸಿದರು. ಪೂರ್ತಿ ಒಣಗಿದ ಮಣ್ಣಿಗೆ ಹಸಿ ಮಣ್ಣು ಹಿಡಿಯಲ್ಲ, ಬಿರುಕು ಬಿಟ್ಟು ಉದುರುತ್ತದೆ. ಹಾಗಾಗಿ ಒದ್ದೆ ಬಟ್ಟೆ ಮುಚ್ಚಿ ಹಸಿಯಾಗಿಯೇ ಇಟ್ಟುಕೊಳ್ಳುತ್ತಾರೆ. ನನ್ನ ಪುಟ್ಟಿಯದು ಉಲ್ಟಾ. ಗಟ್ಟಿಯಾದದ್ದರ ಮೇಲೆ ಹಸಿ ಪುಟ್ಟಿ ಚೆನ್ನಾಗಿ ಕೂರುತ್ತದೆ. ಅವರಿಗಿಲ್ಲದ ಅನುಕೂಲ ನನಗಿತ್ತು, ನಾನು ಅದನ್ನು ಬಳಸಿಯೇ ಇರಲಿಲ್ಲ. ಒಂದೇ ರಾತ್ರಿಯಲ್ಲಿ ಮುಗಿಸೋ ಹಟ ಅಲ್ಲಿಗೆ ಬಿಟ್ಟೆ.

ಅವತ್ತಿನಿಂದ ಕೆಲಸದ ಕ್ರಮವೇ ಬದಲಾಯಿತು. ಮೊದಲು ಬಚ್ಚಲಿನ ಕನ್ನಡಿ ಮುಂದೆ ಪೊರಕೆ ಹಿಡಿದು ರಾಕೆಟ್ ಹಾರಿಸೋನ ಹಾಗೆ ನಿಲ್ಲುತ್ತೇನೆ. ಯಾವ ಕಾಲಿಗೆ ಭಾರ ಬಿತ್ತು? ಆ ಕಡೆಯ ಸೊಂಟ ಮೇಲೇರುತ್ತದೆ, ಭುಜ ಅದೇ ಕಡೆ ಇಳಿಯುತ್ತದೆ. ಇದನ್ನು ಕಾಗದದ ಮೇಲೆ ಕಡ್ಡಿ ಮನುಷ್ಯನಾಗಿ ಬರೆದು, ಅದರ ಮೇಲೇ ತಂತಿ ಇಟ್ಟು ಬಗ್ಗಿಸುತ್ತೇನೆ. ನಮ್ಮ ಆಟದ ಅಳತೆ 28 ಮಿಲಿಮೀಟರ್, ಸಾಮಾನ್ಯವಾಗಿ ಅಂಗಾಲಿನಿಂದ ಕಣ್ಣಿನವರೆಗೆ. ನಿಜವಾದ ಮನುಷ್ಯನ ಐದೂವರೆ ಸೆಂಟಿಮೀಟರ್ ಇಲ್ಲಿ ಸುಮಾರು ಒಂದು ಮಿಲಿಮೀಟರ್. ತಂತಿಯ ಹಂದರವನ್ನು ಬಾಟಲಿಯ ಬಿರಡೆಗೆ ಚುಚ್ಚಿ ನಿಲ್ಲಿಸಿ, ಟೇಬಲಿನ ಆ ತುದಿಯಲ್ಲಿಟ್ಟು ನೋಡುತ್ತೇನೆ. ಪುಟ್ಟಿ ಹಚ್ಚದ ಬರೀ ತಂತಿಯೇ ‘ಹಾರಿಸ್ತಿದ್ದಾನೆ’ ಅನ್ನಿಸಬೇಕು. ಅನ್ನಿಸದಿದ್ದರೆ ಅವತ್ತು ಪುಟ್ಟಿ ಕಲಸೋದೇ ಇಲ್ಲ.

ಆಮೇಲೆ ತೆಳುವಾಗಿ ಒಂದು ಸುತ್ತು ಪುಟ್ಟಿ: ಎದೆ, ಸೊಂಟ, ತಲೆಯ ಜಾಗಕ್ಕೆ ಒಂದು ಗುಂಡು. ಅಷ್ಟೇ. ಒಂದು ದಿನ ಬಿಡಬೇಕು. ಮಾರನೆಯ ದಿನ ಕಾಲು, ಪೈಜಾಮ. ಮತ್ತೆ ಒಂದು ದಿನ. ಟೇಬಲ್ ಲ್ಯಾಂಪಿನ ಹಳೇ ಬಲ್ಬಿನ ಬಿಸಿಗಿಟ್ಟರೆ ಬೇಗ ಗಟ್ಟಿಯಾಗುತ್ತದೆ. ಗಟ್ಟಿಯಾದ ಭಾಗವನ್ನು ಹಿಡಿದುಕೊಂಡು ಹಸಿ ಭಾಗ ಮಾಡೋದರಿಂದ ಹೆಬ್ಬೆಟ್ಟಿನ ಕಾಟ ತಪ್ಪಿತು.

ಪುಟ್ಟಿಯ ಬಗ್ಗೆ ಎರಡು ಮಾತು. ನೀಲಿ ಹಳದಿ ಪಟ್ಟಿ ಅಂಟಿಕೊಂಡೇ ಬಂದಿದ್ದರೆ ನಡುವಿನ ಗೆರೆಯನ್ನು ಬ್ಲೇಡಿನಲ್ಲಿ ಕತ್ತರಿಸಿ ಎಸೆಯಿರಿ. ಅಲ್ಲಿ ಅದಾಗಲೇ ಗಟ್ಟಿಯಾಗಿರುತ್ತದೆ, ನಾದಿದರೆ ರವೆಯ ಹಾಗೆ ಕಾಳು ಸಿಗುತ್ತದೆ, ಅದೂ ಸರಿಯಾಗಿ ಮೂಗಿನ ತುದಿಗೇ ಬರುತ್ತದೆ. ಹಳದಿ ಸ್ವಲ್ಪ ಜಾಸ್ತಿ ಹಾಕಿದರೆ ಮೆತ್ತಗೆ, ಅಂಟು ಜಾಸ್ತಿ. ಮುಖಕ್ಕೆ, ಬಟ್ಟೆಯ ಮಡಿಕೆಗೆ ಒಳ್ಳೆಯದು. ನೀಲಿ ಜಾಸ್ತಿಯಾದರೆ ಗಡಸು. ಕತ್ತಿ, ಪಟ್ಟಿ, ಬಕಲ್ ಥರದ ಚೂಪು ಅಂಚಿಗೆ ಸರಿ. ಕಲಸಿದ ಕೂಡಲೇ ಬಬಲ್ ಗಮ್ ಹಾಗೆ ಅಂಟುತ್ತದೆ. ಸೂಕ್ಷ್ಮ ಕೆಲಸಕ್ಕಾದರೆ ಅರ್ಧ ಗಂಟೆ ಸುಮ್ನೆ ಬಿಡಿ. ಕಾಫಿ ಕುಡಿದು ಬನ್ನಿ. ಆಮೇಲೆ ಒಂದು ಗಂಟೆ ಅದು ಹೇಳಿದ ಮಾತು ಕೇಳುತ್ತದೆ. ಏಪ್ರಿಲ್ ಸೆಕೆಯಲ್ಲಿ ಅಷ್ಟೂ ಸಿಗಲ್ಲ. ಉಳಿದ ಪಟ್ಟಿಯನ್ನು ಫ್ರೀಜರಿನಲ್ಲಿಟ್ಟರೆ ಬಾಳಿಕೆ ಬರುತ್ತದೆ. ಆದರೆ ಡಬ್ಬಿಯ ಮೇಲೆ ಹೆಸರು ಬರೆದಿಡಿ. ನಮ್ಮಮ್ಮ ಒಂದು ಬೆಳಿಗ್ಗೆ ತೆಗೆದು, “ಏನಪ್ಪಾ ಇದು, ಚೀಸಾ?” ಅಂತ ಕೇಳಿದ್ದರು.

ಕೈಗೆ ಗ್ಲೌಸ್ ಹಾಕಿಕೊಳ್ಳಿ. ನಾನು ಹಾಕದೆ ಎರಡು ತಿಂಗಳು ಬೆರಳ ಸಂದಿಯಲ್ಲಿ ತುರಿಕೆ ಅನುಭವಿಸಿದ್ದೇನೆ. ಎಂ-ಸೀಲ್ ಉಜ್ಜಿದಾಗ ಏಳೋ ಪುಡಿಗೆ ಮಾಸ್ಕೂ ಬೇಕು.

ಹತಾರಗಳಿಗೆ ಜಾಸ್ತಿ ಖರ್ಚಿಲ್ಲ. ಹಲ್ಲಿನ ಡಾಕ್ಟರು ಮೇಣ ಕೆತ್ತೋಕೆ ಬಳಸೋ ಎಲೆಯಾಕಾರದ ಕಡ್ಡಿ ಒಂದು, ಹಳೇ ಪೆನ್ನಿಗೆ ಸಿಕ್ಕಿಸಿದ ಹೊಲಿಗೆ ಸೂಜಿ ಒಂದು, ಸಿಲಿಕೋನ್ ತುದಿಯ ಬ್ರಷ್ ಒಂದು. ನೂರಕ್ಕೆ ತೊಂಬತ್ತು ಭಾಗ ಕೆಲಸ ಈ ಮೂರರಲ್ಲೇ ಆಗುತ್ತದೆ. ತುದಿಗೆ ಒಂಚೂರು ವ್ಯಾಸಲೀನ್ ಅಥವಾ ನೀರು ಸವರಿದರೆ ಪುಟ್ಟಿ ಅಂಟಲ್ಲ. ವ್ಯಾಸಲೀನ್ ಜಾಸ್ತಿಯಾದರೆ ಮುಂದಿನ ಪದರ ಹಿಡಿಯಲ್ಲ, ಸೋಪು ನೀರಲ್ಲಿ ತೊಳೆದು ಮುಂದುವರಿಯಬೇಕು.

ಈಗ ಮುಖ. ಗಟ್ಟಿಯಾದ ಗುಂಡಿನ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಪುಟ್ಟಿ ಇಟ್ಟು ಹರಡುತ್ತೇನೆ. ತಲೆಯ ಎತ್ತರದ ಅರ್ಧಕ್ಕೆ ಎರಡು ಗುಳಿ ಒತ್ತಬೇಕು. ಎಲ್ಲರೂ ಮಾಡೋ ತಪ್ಪು ಕಣ್ಣನ್ನು ಮೇಲೆ ಇಡೋದು, ಹಣೆ ಮಾಯವಾಗುತ್ತದೆ. ಗುಳಿ ಒತ್ತಿದಾಗ ನಡುವೆ ತಾನಾಗಿಯೇ ಒಂದು ದಿಬ್ಬ ಏಳುತ್ತದೆ, ಅದೇ ಮೂಗು. ಅದರ ಎರಡೂ ಪಕ್ಕ ಕಡ್ಡಿಯಿಂದ ಕೆಳಗೆ ಎಳೆದರೆ ಕೆನ್ನೆ ಬರುತ್ತದೆ. ಮೂಗಿನ ಕೆಳಗೆ ಬ್ಲೇಡಿನಲ್ಲಿ ಒಂದೇ ಗೆರೆ, ಅದು ಬಾಯಿ. ಗೆರೆಯ ಕೆಳಗೆ ಮೆತ್ತಗೆ ಒತ್ತಿದರೆ ಕೆಳತುಟಿ ಮೇಲೇಳುತ್ತದೆ. ಇಲ್ಲಿಗೆ ನಿಲ್ಲಿಸಿ, ಗಟ್ಟಿಯಾಗಲು ಬಿಡಬೇಕು. ಕಣ್ಣು ಗುಡ್ಡೆ, ರೆಪ್ಪೆ, ಮೀಸೆ ಮಾರನೆಯ ದಿನಕ್ಕೆ. ಮೀಸೆಗೆ ಶಾವಿಗೆಗಿಂತ ಸಣ್ಣಗೆ ಹೊಸೆದ ಎರಡು ಎಳೆ. ಒಂದು ಕಣ್ಣು ಮೇಲೆ ಒಂದು ಕೆಳಗೆ ಆಗಿದ್ದರೆ ನಮ್ಮ ಕಣ್ಣಿಗೆ ಕಾಣಲ್ಲ, ನೋಡಿ ನೋಡಿ ಒಗ್ಗಿಹೋಗಿರುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು ಎಡಬಲ ತಿರುಗಿಸಿ ನೋಡಿ. ಬೆಚ್ಚಿಬೀಳುತ್ತೀರಿ.

ರಾಕೆಟ್ ಸುಲಭ ಅಂದುಕೊಂಡಿದ್ದೆ. ಮೈಸೂರು ರಾಕೆಟ್ಟಿನ ಹೆಚ್ಚುಗಾರಿಕೆ ಕಬ್ಬಿಣದ ಕೊಳವೆ. ಕಾಗದದ ಕೊಳವೆಗಿಂತ ಅದು ಮದ್ದಿನ ಒತ್ತಡ ಜಾಸ್ತಿ ತಡೆಯುತ್ತಿತ್ತು, ಹಾಗಾಗಿ ದೂರ ಹೋಗುತ್ತಿತ್ತು. ಶಿವಮೊಗ್ಗ ಜಿಲ್ಲೆಯ ನಗರ ಅನ್ನೋ ಊರಿನ ಹತ್ತಿರ 2018ರಲ್ಲಿ ಒಂದು ಹಾಳು ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವಲ್ಲ, ಅವುಗಳ ಫೋಟೋ ಇಟ್ಟುಕೊಂಡು ಲೆಕ್ಕ ಹಾಕಿದೆ. ಕೊಳವೆ ಒಂದು ಗೇಣುದ್ದ ಅಂದರೆ ನನ್ನ ಅಳತೆಯಲ್ಲಿ 4 ಮಿಲಿಮೀಟರ್. ಅದನ್ನು ಕಟ್ಟೋ ಬಿದಿರು ನಾಲ್ಕಡಿ ಅಂದರೆ 22 ಮಿಲಿಮೀಟರ್. ಬಿದಿರಿಗೆ ಅಗರಬತ್ತಿ ಕಡ್ಡಿ! ಮೈಸೂರಿನಲ್ಲಿ ಅದಕ್ಕೇನು ಬರ. ಅದೂ ಬಿದಿರೇ, ಬ್ಲೇಡಿನಲ್ಲಿ ಸೀಳಿ ಅರ್ಧ ಮಾಡಿಕೊಂಡೆ. ಕೊಳವೆಗೆ ತಾಮ್ರದ ತಂತಿಯ ತುಂಡು. ಲೆಕ್ಕ ಎಲ್ಲ ಸರಿ. ಆದರೆ ಟೇಬಲ್ ಮೇಲೆ ಇಟ್ಟರೆ ಸಿಪಾಯಿ ಗುಂಡುಸೂಜಿ ಹಿಡಿದ ಹಾಗೆ ಕಾಣುತ್ತಿದ್ದ.

ಇದಕ್ಕೆ ಪರಿಹಾರ ಸಿಕ್ಕಿದ್ದು ಸೋಮನಾಥಪುರದಲ್ಲಿ. ನೆಂಟರನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿನ ಹೊಯ್ಸಳರ ದೇವಸ್ಥಾನದಲ್ಲಿ ಮಲ್ಲಿತಮ್ಮ ಅನ್ನೋ ಶಿಲ್ಪಿಯ ಹೆಸರು ಕೊರೆದ ಶಿಲ್ಪಗಳಿವೆ. ಹತ್ತಿರ ನಿಂತು ಹಾರ ನೋಡಿದೆ. ಎಷ್ಟು ದಪ್ಪ! ನಿಜವಾಗಿ ಯಾರಾದರೂ ಹಾಕಿಕೊಂಡರೆ ಕತ್ತು ಬಗ್ಗಬೇಕು. ಹಾರದ ಹಿಂದೆ ಆಳವಾಗಿ ಕೊರೆದಿದ್ದಾರೆ, ಅಲ್ಲಿ ನೆರಳು ಕೂರುತ್ತದೆ. ಹತ್ತು ಹೆಜ್ಜೆ ಹಿಂದೆ ಹೋದರೆ ದಪ್ಪ ಕಾಣಲ್ಲ, ಹಾರ ಕಾಣುತ್ತದೆ. ನಮ್ಮ ಸಿಪಾಯಿಯನ್ನೂ ಜನ ನೋಡೋದು ಒಂದು ತೋಳಿನ ದೂರದಿಂದ. ಮನೆಗೆ ಬಂದು ರಾಕೆಟ್ಟನ್ನು ಒಂದೂವರೆ ಪಟ್ಟು ದಪ್ಪ ಮಾಡಿದೆ. ಕೈ ಬೆರಳು ದಪ್ಪ ಮಾಡಿದೆ. ಸೊಂಟದ ಪಟ್ಟಿಯ ಕೆಳಗೆ ಸೂಜಿಯಲ್ಲಿ ಆಳವಾಗಿ ಗೀರಿದೆ. ಲೆಕ್ಕಪತ್ರದವನಿಗೆ ಅಳತೆ ತಪ್ಪಿಸೋದು ಸುಲಭ ಅಲ್ಲ, ಎರಡು ದಿನ ಒದ್ದಾಡಿದೆ. ಆಮೇಲೆ ಕಣ್ಣಿಗೆ ಸರಿ ಹೋಯಿತು.

ಬಣ್ಣದ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಪ್ರೈಮರ್ ಹೊಡೆದು, ಅಕ್ರಿಲಿಕ್ ಬಣ್ಣವನ್ನು ನೀರಾಗಿಸಿ ಎರಡು ಕೋಟು. ಗೀರಿದ ಕಡೆಗೆ ತೆಳು ಕಂದು ಬಣ್ಣ ಬಿಟ್ಟರೆ ಅದೇ ಇಳಿದು ಕೂರುತ್ತದೆ.

ಏಳನೆಯವನು ಸರಿಯಾದ. ಮೂರು ವಾರದ ಕೆಲಸ. ಮಗಳು ನೋಡಿ, “ಇವನು ಏನೋ ಎಸೀತಾನೆ ಅಪ್ಪಾ” ಅಂದಳು. ಹಾರಿಸ್ತಾನೆ ಅಂತ ತಿದ್ದಲಿಲ್ಲ. ಭಾನುವಾರ ಹುಣಸೆ ಬೀಜ ತೆಗೆದು ಅವನನ್ನು ನಿಲ್ಲಿಸಿದೆ. ನಮ್ಮ ಆಟದ ನಿಯಮದಲ್ಲಿ ದಾಳದಲ್ಲಿ ಒಂದು ಬಿದ್ದರೆ ರಾಕೆಟ್ ತಿರುಗಿ ಹಾರಿಸಿದವನ ಮೇಲೇ ಬರುತ್ತದೆ. ಮೊದಲ ಸುತ್ತಿನಲ್ಲೇ ಒಂದು ಬಿತ್ತು. ಮೂರು ವಾರ ಕೂತು ಮಾಡಿದವನನ್ನು ಎತ್ತಿ ಪಕ್ಕಕ್ಕೆ ಮಲಗಿಸಿ, ಅವನ ಜಾಗಕ್ಕೆ ಮತ್ತೆ ಹುಣಸೆ ಬೀಜ ಇಟ್ಟೆವು.

ದಳಕ್ಕೆ ಇನ್ನೂ ಹನ್ನೊಂದು ಜನ ಬೇಕು. ಸಿಲಿಕೋನ್ ಅಚ್ಚು ಮಾಡಿ ರೆಸಿನ್ ಹುಯ್ದರೆ ಬೇಗ ಆಗುತ್ತದೆ ಅಂತ ಒಂದು ಸಲ ನೋಡಿದೆ. ಗಾಳಿಗುಳ್ಳೆ ಸೇರಿ ರಾಕೆಟ್ ಇರೋ ಕೈಯೇ ಬರಲಿಲ್ಲ. ಹೇಗೂ ಹನ್ನೆರಡು ಜನ ಒಂದೇ ಥರ ನಿಂತರೆ ಚೆನ್ನಾಗಿರಲ್ಲ ಅಂತ ಈಗ ಒಬ್ಬೊಬ್ಬನನ್ನೇ ಕೈಯಲ್ಲಿ ಮಾಡುತ್ತಿದ್ದೇನೆ. ಎಂಟನೆಯವನ ತಂತಿ ಬಿರಡೆಯ ಮೇಲೆ ನಿಂತಿದೆ. ಎಡಗಾಲಿನ ಮೇಲೆ ಭಾರ.