ಪೇಟೆಂಟ್ ಒಪ್ಪಂದದ ಸುದ್ದಿಯನ್ನು ಓದಲು ನಾನು ಕಲಿತ ಬಗೆ

ಬೆಂಗಳೂರಿನ ಚಿಪ್ ಮತ್ತು ಮೊಬೈಲ್ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿದ ಅನೇಕರಿಗೆ ಅಮೆರಿಕದ ಶೇರುಪೇಟೆಯ ಪರಿಚಯವಾಗುವುದು ಸಂಬಳದ ಜೊತೆಗೆ ಸಿಗುವ ಶೇರುಗಳಿಂದ. ನನಗೂ ಹಾಗೆಯೇ ಆಯಿತು. ವರ್ಷಗಟ್ಟಲೆ ಮೋಡೆಮ್ ಸಾಫ್ಟ್‌ವೇರ್ ಬರೆಯುತ್ತ ಎಲ್‌ಟಿಇ (4ಜಿ ಮೊಬೈಲ್ ಜಾಲ) ಮಾನದಂಡದ ಪುಟಗಳನ್ನು ತಿರುವಿಹಾಕುತ್ತಿದ್ದರೂ, ಆ ಪುಟಗಳ ಹಿಂದಿರುವ ಪೇಟೆಂಟುಗಳು ಹೇಗೆ ಹಣವಾಗುತ್ತವೆ ಎಂಬುದು ನನಗೆ ತಿಳಿದದ್ದು ಕೈಸುಟ್ಟುಕೊಂಡ ಮೇಲೆಯೇ.

ಸಣ್ಣದೊಂದು ಪೇಟೆಂಟ್ ಕಂಪನಿಯು ದೊಡ್ಡ ಫೋನ್ ತಯಾರಕರೊಬ್ಬರ ಜೊತೆ ಪರವಾನಗಿ ಒಪ್ಪಂದ ಮಾಡಿಕೊಂಡಿದೆಯೆಂಬ ಸುದ್ದಿಯ ತಲೆಬರಹವನ್ನಷ್ಟೇ ಓದಿ, ಸಂಜೆ ಏಳಕ್ಕೆ ಅಲ್ಲಿನ ಪೇಟೆ ತೆರೆದ ಕೂಡಲೇ ಏರಿದ ಬೆಲೆಗೆ ಶೇರು ಕೊಂಡೆ. ಬೆಳಿಗ್ಗೆ ಎದ್ದು ನೋಡಿದರೆ ಬೆಲೆ ಹಿಂದಿನ ದಿನದ ಮಟ್ಟಕ್ಕಿಂತಲೂ ಕೆಳಗಿತ್ತು. ಕಂಪನಿ ನಿಯಂತ್ರಕರಿಗೆ ಸಲ್ಲಿಸಿದ್ದ ದಾಖಲೆಯನ್ನು ಆಮೇಲೆ ಓದಿದಾಗ, ಬರುವ ಮೊತ್ತದ ಬಹುಪಾಲು ಈಗಾಗಲೇ ಮಾರಾಟವಾಗಿದ್ದ ಫೋನುಗಳ ಬಾಬ್ತು ಎಂಬುದು ಗೊತ್ತಾಯಿತು.

ಇದಕ್ಕೆ ಕಾರಣ ಈ ವ್ಯವಹಾರದ ಸ್ವರೂಪದಲ್ಲೇ ಇದೆ. ಮಾನದಂಡಕ್ಕೆ ಅನಿವಾರ್ಯವಾದ, ಅಂದರೆ ಬಳಸದೆ ಆ ಮಾನದಂಡದ ಫೋನು ತಯಾರಿಸಲಾಗದ ಪೇಟೆಂಟಿನ ಒಡೆಯರು ನ್ಯಾಯಯುತ, ಸಮಂಜಸ ಮತ್ತು ಪಕ್ಷಪಾತವಿಲ್ಲದ ದರದಲ್ಲಿ ಪರವಾನಗಿ ಕೊಡುವುದಾಗಿ ಮೊದಲೇ ಮಾತು ಕೊಟ್ಟಿರುತ್ತಾರೆ. ಆದರೆ ಆ ದರ ಎಷ್ಟೆಂಬುದು ತೀರ್ಮಾನವಾಗುವ ಮುನ್ನವೇ ಫೋನುಗಳು ಅಂಗಡಿಗೆ ಬಂದಿರುತ್ತವೆ, ಮಾತುಕತೆ ವರ್ಷಗಟ್ಟಲೆ ಎಳೆಯುತ್ತದೆ. ಬಾಡಿಗೆ ಕರಾರಿಗೆ ಸಹಿ ಹಾಕದೆ ಮೂರು ವರ್ಷ ಮನೆಯಲ್ಲಿ ಉಳಿದ ಬಾಡಿಗೆದಾರ ಕೊನೆಗೆ ಒಮ್ಮೆಗೇ ಹಣ ಎಣಿಸಿ ಕೊಟ್ಟಂತೆ ಇದು. ಜಯನಗರದಲ್ಲಿ ಆ ಮನೆಯನ್ನು ಕೊಳ್ಳಲು ಬಂದವನು ಹಳೆಯ ಬಾಕಿಯನ್ನು ನೋಡಿ ಬೆಲೆ ಕಟ್ಟುವುದಿಲ್ಲ, ಮುಂದಿನ ತಿಂಗಳಿನಿಂದ ಬಾಡಿಗೆ ಎಷ್ಟು ಬರುತ್ತದೆಂದು ಕೇಳುತ್ತಾನೆ. ದೊಡ್ಡ ಹೂಡಿಕೆದಾರರೂ ಬಾಕಿಯನ್ನು ಬೇರೆ ಇಟ್ಟು, ಮುಂದೆ ಬರುವ ವಾರ್ಷಿಕ ರಾಯಧನಕ್ಕೆ (ಪೇಟೆಂಟ್ ಬಳಕೆಯ ಶುಲ್ಕಕ್ಕೆ) ಬೆಲೆ ಕಟ್ಟುತ್ತಾರೆ.

ಇದರ ಇನ್ನೊಂದು ಮುಖವನ್ನು ನಾನು 2016ರ ಫೆಬ್ರವರಿ 1ರಂದೇ ಕಂಡಿದ್ದೆ, ಆದರೆ ಅರ್ಥ ಮಾಡಿಕೊಂಡಿರಲಿಲ್ಲ. ತನ್ನ ಪೇಟೆಂಟುಗಳಿಗೆ ಸ್ಯಾಮ್‌ಸಂಗ್ ನೀಡಬೇಕಾದ ಹೆಚ್ಚುವರಿ ಮೊತ್ತದ ಬಗ್ಗೆ ಮಧ್ಯಸ್ಥಿಕೆಯ ತೀರ್ಪು ಬಂದಿದೆಯೆಂದು ನೋಕಿಯಾ ಅಂದು ಪ್ರಕಟಿಸಿತು. ಕಂಪನಿಗೆ ಬರುವ ಹಣ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಆದರೂ ಹೆಲ್ಸಿಂಕಿಯಲ್ಲಿ ಶೇರು ಶೇಕಡಾ 10ಕ್ಕೂ ಹೆಚ್ಚು ಕುಸಿಯಿತು. ಕಚೇರಿಯ ಊಟದ ಮೇಜಿನಲ್ಲಿ ನಾವೆಲ್ಲ ಇದನ್ನು ಪೇಟೆಯ ಹುಚ್ಚುತನವೆಂದು ನಕ್ಕಿದ್ದೆವು. ವಿಶ್ಲೇಷಕರು ಅದಕ್ಕಿಂತ ದೊಡ್ಡ ಮೊತ್ತವನ್ನು ಲೆಕ್ಕ ಹಾಕಿ, ಆ ನಿರೀಕ್ಷೆಯನ್ನು ಬೆಲೆಯಲ್ಲಿ ಆಗಲೇ ಸೇರಿಸಿಬಿಟ್ಟಿದ್ದರೆಂಬುದು ನಮಗೆ ಹೊಳೆದಿರಲಿಲ್ಲ.

ಮೂರು ವರ್ಷಗಳ ನಂತರ ನಡೆದದ್ದು ಇದಕ್ಕೆ ತದ್ವಿರುದ್ಧ. 2019ರ ಏಪ್ರಿಲ್ 16, ಬೆಂಗಳೂರಿನಲ್ಲಿ ಲೋಕಸಭಾ ಮತದಾನಕ್ಕೆ ಎರಡೇ ದಿನ ಬಾಕಿ. ಸ್ಯಾನ್ ಡಿಯೇಗೋದ ನ್ಯಾಯಾಲಯದಲ್ಲಿ ವಕೀಲರ ಆರಂಭದ ವಾದ ನಡೆದಿದ್ದಾಗಲೇ, ನಮ್ಮಲ್ಲಿ ನಡುರಾತ್ರಿ ದಾಟಿದ ಮೇಲೆ, ರಾಯಧನದ ಜಗಳದಲ್ಲಿ ಆಪಲ್ ಮತ್ತು ಮೋಡೆಮ್ ಚಿಪ್ ಕಂಪನಿ ಕ್ವಾಲ್‌ಕಾಮ್ ರಾಜಿಯಾದ ಸುದ್ದಿ ಬಂತು: ಆರು ವರ್ಷಗಳ ಪರವಾನಗಿ, ಇನ್ನೆರಡು ವರ್ಷ ವಿಸ್ತರಿಸುವ ಅವಕಾಶ, ಜೊತೆಗೆ ಚಿಪ್ ಪೂರೈಕೆಯ ಒಪ್ಪಂದ. ದರವನ್ನು ಯಾರೂ ಹೇಳಲಿಲ್ಲ, ಆದರೂ ಪೇಟೆ ಮುಚ್ಚುವ ಹೊತ್ತಿಗೆ ಕ್ವಾಲ್‌ಕಾಮ್ ಶೇರು ಸುಮಾರು ಶೇಕಡಾ 23 ಏರಿತ್ತು. ರಾಯಧನದ ಪದ್ಧತಿಯೇ ಮುರಿದುಬೀಳಬಹುದೆಂಬ ಭಯ ಆ ಬೆಲೆಯನ್ನು ಅಷ್ಟು ಕಾಲ ಕೆಳಗೆ ಹಿಡಿದಿತ್ತು, ಭಯ ಕಳೆದದ್ದಕ್ಕೇ ಆ ಏರಿಕೆ ಎಂದು ನನ್ನ ಅಭಿಪ್ರಾಯ. ರಾಜಿಯಿಂದ ಬಂದ ಸುಮಾರು 470 ಕೋಟಿ ಡಾಲರ್ ಆದಾಯ ಲೆಕ್ಕಪತ್ರದಲ್ಲಿ ಕಾಣಿಸಿಕೊಂಡದ್ದು ಜೂನ್ ತ್ರೈಮಾಸಿಕದಲ್ಲಿ.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾವ ಪರವಾನಗಿ ಯಾವ ವರ್ಷ ಮುಗಿಯುತ್ತದೆ, ವಾರ್ಷಿಕ ಮೊತ್ತ ಎಷ್ಟಾಗಬೇಕೆಂದು ನನಗನ್ನಿಸುತ್ತದೆ ಎಂಬುದನ್ನು ಸುದ್ದಿ ಬರುವ ಮೊದಲೇ ಬರೆಯುತ್ತೇನೆ; ಸುದ್ದಿ ಬಂದ ಮೇಲೆ ಬರೆದದ್ದು ನನ್ನ ಮಟ್ಟಿಗೆ ಲೆಕ್ಕವಲ್ಲ, ಸಮಜಾಯಿಷಿ. ಪೆನ್ಸಿಲ್ ಬಳಸುವುದಿಲ್ಲ, ಅಳಿಸುವ ಆಸೆಯಾಗುತ್ತದೆ.

2025ರ ಜುಲೈ ಕೊನೆಯಲ್ಲಿ ಅಮೆರಿಕದ ಪೇಟೆಂಟ್ ಕಂಪನಿ ಇಂಟರ್‌ಡಿಜಿಟಲ್ ಮತ್ತು ಸ್ಯಾಮ್‌ಸಂಗ್ ನಡುವಿನ ಮಧ್ಯಸ್ಥಿಕೆಯ ಫಲಿತಾಂಶ ಬಂದಾಗ ಆ ಪುಸ್ತಕ ಉಪಯೋಗಕ್ಕೆ ಬಂತು. ತಲೆಬರಹದಲ್ಲಿ 105 ಕೋಟಿ ಡಾಲರ್ ಇತ್ತು. ಅದು 2023ರ ಜನವರಿಯಿಂದ ಎಂಟು ವರ್ಷಗಳ ಅವಧಿಗೆ. ವರ್ಷಕ್ಕೆ 13 ಕೋಟಿಗೆ ತುಸು ಹೆಚ್ಚು. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಅಷ್ಟರಲ್ಲೇ ಕಳೆದಿದ್ದರಿಂದ ಸಮವಾಗಿ ಹಂಚಿದರೆ ಸುಮಾರು 34 ಕೋಟಿ ಹಳೆಯ ಬಾಕಿಯ ಪಾಲು, ಉಳಿದದ್ದು 2030ರವರೆಗಿನ ಬಾಡಿಗೆ. ನಾನು ಬರೆದಿಟ್ಟಿದ್ದ ವಾರ್ಷಿಕ ಅಂಕಿ ಇದಕ್ಕಿಂತ ಕಡಿಮೆಯಿತ್ತು. ಆದ್ದರಿಂದ ಕೈಯಲ್ಲಿದ್ದ ಕೆಲವೇ ಶೇರುಗಳನ್ನು ಮಾರಲಿಲ್ಲ.

ಹೊಸದಾಗಿ ಕೊಳ್ಳಲೂ ಇಲ್ಲ. ಇಲ್ಲಿಂದ ಡಾಲರ್ ಕಳುಹಿಸಿ ಅದು ಅಲ್ಲಿನ ಖಾತೆಗೆ ಸೇರುವಷ್ಟರಲ್ಲಿ ಸುದ್ದಿ ಹಳತಾಗಿರುತ್ತದೆ; ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು ಶೇಕಡಾ 20 ತೆರಿಗೆಯನ್ನು ಮೊದಲೇ ಹಿಡಿಯುವುದರಿಂದ, ಅದು ರಿಟರ್ನ್ ಸಲ್ಲಿಸಿದ ಮೇಲೆ ಹೊಂದಾಣಿಕೆಯಾಗುವುದಾದರೂ, ಕೈಯಲ್ಲಿ ಉಳಿಯುವ ಹಣವೂ ಕಡಿಮೆ. ಆ ಸಂಜೆ ಏಳಕ್ಕೆ ಪೇಟೆ ತೆರೆದಾಗ ನಾನು ಲಾಲ್‌ಬಾಗ್‌ನ ಪಶ್ಚಿಮ ದ್ವಾರದಿಂದ ಮನೆಯ ಕಡೆ ನಡೆಯುತ್ತಿದ್ದೆ, ಫೋನು ಜೇಬಿನಲ್ಲಿತ್ತು.