ತೋಟದ ತುದಿಯ ಪುಟ್ಟ ಕಂಪ್ಯೂಟರಿಗೆ ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟು

ಮಳೆ ಲೆಕ್ಕ ಬರೆದಿಡುವುದು ಕೊಡಗಿನ ಕಾಫಿ ಬೆಳೆಗಾರರ ಹಳೆಯ ಅಭ್ಯಾಸ. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಸೆಂಟ್ ಬಿತ್ತು ಎಂದು ನೋಡಿಯೇ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ನೂರು ಸೆಂಟ್ ಅಂದರೆ ಒಂದು ಇಂಚು. ಈ ಲೆಕ್ಕವನ್ನು ಈಗ ರಾಸ್ಪ್‌ಬೆರಿ ಪೈಯಂಥ ಅಂಗೈಯಗಲದ ಕಂಪ್ಯೂಟರ್ ಹಗಲು ರಾತ್ರಿ ಬರೆದಿಡುತ್ತದೆ. ಒಳಗೆ ಪುಟ್ಟ ಬಟ್ಟಲು ತುಂಬಿ ಮಗುಚುವ ಮಳೆಮಾಪಕಗಳು ಸಿಗುತ್ತವೆ. ಅವುಗಳಲ್ಲಿ 0.01 ಇಂಚಿನದನ್ನು ಆರಿಸಿಕೊಂಡರೆ ಒಂದು ಸಲ ಮಗುಚಿದರೆ ಒಂದು ಸೆಂಟ್. ಬೇರೆ ಲೆಕ್ಕವೇ ಬೇಡ.

ತೊಡಕು ಇರುವುದು ಕರೆಂಟಿನಲ್ಲಿ. ಮಳೆಮಾಪಕವನ್ನು ಮರದ ಕೆಳಗೆ ಇಡುವಂತಿಲ್ಲ. ಬಯಲಲ್ಲಿ, ಹೆಚ್ಚಾಗಿ ಕಣದ ಆಚೆ ಬದಿಯಲ್ಲಿ ಇಡಬೇಕು. ಅಲ್ಲಿಗೆ ಸೋಲಾರ್ ಸಾಕು ಎಂದು ಅನೇಕರು ಹೇಳುತ್ತಾರೆ. ಬಯಲುಸೀಮೆಯಲ್ಲಿ ಸಾಕು, ನಿಜ. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಮಡಿಕೇರಿ, ಭಾಗಮಂಡಲದ ಕಡೆ ವಾರಗಟ್ಟಲೆ ಮೋಡ, ಮಂಜು. ಮಳೆ ಅಳೆಯುವ ಕೆಲಸ ಜಾಸ್ತಿ ಇರುವಾಗಲೇ ಸಣ್ಣ ಪ್ಯಾನೆಲ್ ಕೈಕೊಡುತ್ತದೆ. ಮಳೆಗಾಲದಲ್ಲಿ ಮರ ಬಿದ್ದರೆ ಲೈನ್ ಕರೆಂಟೂ ಇಲ್ಲ. ಉಳಿಯುವುದು ಮನೆಯ ಇನ್ವರ್ಟರ್. ಅದರ ಕರೆಂಟನ್ನು ಡೇಟಾ ಹೋಗುವ ಕೇಬಲ್ಲಿನಲ್ಲೇ ತೋಟದ ತುದಿಗೆ ಕಳಿಸುವುದು ನನ್ನ ಮಟ್ಟಿಗೆ ಕೊಡಗಿಗೆ ಹೊಂದುವ ದಾರಿ. ಇದರ ಹೆಸರು ಪವರ್ ಓವರ್ ಈಥರ್ನೆಟ್, ಚಿಕ್ಕದಾಗಿ ಪಿಒಇ.

ಐದು ವೋಲ್ಟ್ ಯಾಕೆ ದೂರ ಹೋಗುವುದಿಲ್ಲ

ಪೈಗೆ ಬೇಕಾದ್ದು 5 ವೋಲ್ಟ್. ಹಾಗಾದರೆ ಕೇಬಲ್ಲಿನ ಖಾಲಿ ಎಳೆಗಳಲ್ಲಿ 5 ವೋಲ್ಟನ್ನೇ ಬಿಟ್ಟರಾಗದೇ? ಆಗದು. ಲೆಕ್ಕ ಹಾಕಿ ನೋಡಿ. ಸಾಮಾನ್ಯ 24 ಗೇಜಿನ ತಾಮ್ರದ ಎಳೆಗೆ 100 ಮೀಟರಿಗೆ ಸುಮಾರು 8.4 ಓಮ್ ತಡೆ. 60 ಮೀಟರ್ ದೂರಕ್ಕೆ ಹೋಗಲು ಎರಡು ಎಳೆ, ಬರಲು ಎರಡು ಎಳೆ ಬಳಸಿದರೂ ಒಟ್ಟು ಹತ್ತಿರ ಹತ್ತಿರ 5 ಓಮ್ ಆಗುತ್ತದೆ. ಪೈ 1 ಆಂಪಿಯರ್ ಎಳೆದರೆ ದಾರಿಯಲ್ಲೇ 5 ವೋಲ್ಟ್ ಮುಗಿಯಿತು. ಆ ತುದಿಗೆ ಏನೂ ತಲುಪದು.

ಅದೇ 5 ವಾಟನ್ನು 48 ವೋಲ್ಟಿನಲ್ಲಿ ಕಳಿಸಿದರೆ ಹರಿಯುವ ಕರೆಂಟು 0.1 ಆಂಪಿಯರಿಗಿಂತ ತುಸು ಜಾಸ್ತಿ, ಅಷ್ಟೇ. ನಷ್ಟ ಅರ್ಧ ವೋಲ್ಟ್. ಪಿಒಇ ಮಾಡುವುದು ಇದನ್ನೇ. ದೂರದ ದಾರಿಯನ್ನು ಹೆಚ್ಚು ವೋಲ್ಟಿನಲ್ಲಿ ಕಳೆದು, ಪೈ ಹತ್ತಿರ ಬಂದ ಮೇಲೆ 5 ವೋಲ್ಟಿಗೆ ಇಳಿಸುತ್ತದೆ.

48 ವೋಲ್ಟ್ ನೇರವಾಗಿ ನುಗ್ಗಿದರೆ ಪೈ ಸುಟ್ಟುಹೋಗುವುದಿಲ್ಲವೇ ಎಂಬ ಭಯ ಸಹಜ. ಮನೆ ಕಡೆ ಕೇಬಲ್ ಸೇರುವ, ಅದಕ್ಕೆ ಕರೆಂಟೂ ಕೊಡುವ ಪೆಟ್ಟಿಗೆಗೆ ನೆಟ್‌ವರ್ಕ್ ಸ್ವಿಚ್ಚು ಎನ್ನುತ್ತಾರೆ. ಪಿಒಇ ನಿಯಮಕ್ಕೆ ಬದ್ಧವಾದ ಸ್ವಿಚ್ಚು ಹಾಗೆ ನುಗ್ಗಿಸುವುದಿಲ್ಲ. ಮೊದಲು ಸಣ್ಣ ವೋಲ್ಟೇಜ್ ಬಿಟ್ಟು ಆ ತುದಿಯಲ್ಲಿ 25 ಕಿಲೋ ಓಮಿನ ಗುರುತು ಇದೆಯೇ ಎಂದು ನೋಡುತ್ತದೆ. ಇದ್ದರೆ ಎಷ್ಟು ವಾಟ್ ಬೇಕೆಂದು ತಿಳಿದುಕೊಂಡು ಆಮೇಲೆ ಪೂರ್ತಿ ವೋಲ್ಟೇಜ್ ಕೊಡುತ್ತದೆ. ಕೇಬಲ್ ಕಿತ್ತರೆ ತಾನೇ ನಿಲ್ಲಿಸುತ್ತದೆ. ಪಿಒಇ ಗೊತ್ತಿಲ್ಲದ ಲ್ಯಾಪ್‌ಟಾಪನ್ನು ಅದೇ ಪೋರ್ಟಿಗೆ ಸಿಕ್ಕಿಸಿದರೂ ಏನೂ ಆಗದು.

ಈ ನಿಯಮಗಳಲ್ಲಿ ಮೂರು ಹಂತಗಳಿವೆ. 2003ರ 802.3ಎಎಫ್ ಸ್ವಿಚ್ಚಿನ ಕಡೆ 15.4 ವಾಟ್ ಕೊಡುತ್ತದೆ. ಕೇಬಲ್ಲಿನ ನಷ್ಟ ಕಳೆದು ಆ ತುದಿಗೆ 12.95 ವಾಟ್ ಖಾತ್ರಿ. 2009ರ 802.3ಎಟಿಯಲ್ಲಿ ಇದು 30 ಮತ್ತು 25.5 ವಾಟ್. 2018ರ 802.3ಬಿಟಿ ಇನ್ನೂ ಹೆಚ್ಚು ಕೊಡುತ್ತದೆ. ನಮ್ಮ ಕೆಲಸಕ್ಕೆ ಅದು ಬೇಡ.

ಹೆಜ್ಜೆ 1: ದೂರ ಅಳೆಯಿರಿ

ಈಥರ್ನೆಟ್ ಕೇಬಲ್ಲಿನ ಮಿತಿ 100 ಮೀಟರ್. ಹಕ್ಕಿ ಹಾರುವ ದೂರ ಲೆಕ್ಕಕ್ಕಿಲ್ಲ. ಕೇಬಲ್ ಇಳಿದು, ಹತ್ತಿ, ಬರೆ ಸುತ್ತಿ ಹೋಗುವ ದೂರವನ್ನು ಹಗ್ಗ ಹಿಡಿದು ಅಳೆಯಿರಿ. 85 ಮೀಟರಿನೊಳಗೆ ಇದ್ದರೆ ನಿಶ್ಚಿಂತೆ. 100 ದಾಟಿದರೆ ನಡುವೆ ಪಿಒಇ ಎಕ್ಸ್‌ಟೆಂಡರ್ ಹಾಕಬಹುದು. ಅದು ಕೇಬಲ್ಲಿನಿಂದಲೇ ಕರೆಂಟ್ ತೆಗೆದುಕೊಂಡು ಮುಂದೆ ಇನ್ನೂ 100 ಮೀಟರ್ ದಾಟಿಸುತ್ತದೆ. ಅದಕ್ಕೂ ಸ್ವಲ್ಪ ವಾಟ್ ಬೇಕಾದ್ದರಿಂದ ಮನೆ ಕಡೆ ಎಟಿ ಸ್ವಿಚ್ಚು ಇರಲಿ. ಅದಕ್ಕಿಂತ ದೂರವಾದರೆ ಈ ದಾರಿ ಬಿಡಿ.

ಹೆಜ್ಜೆ 2: ಪೈ ಮತ್ತು ಅದರ ಜೊತೆಗಾರ

ಪೈ 3ಬಿ ಪ್ಲಸ್, ಪೈ 4, ಪೈ 5 ಈ ಮೂರರಲ್ಲೂ ಪಿಒಇಗೆಂದೇ ನಾಲ್ಕು ಪಿನ್ನುಗಳಿವೆ. ಅದರ ಮೇಲೆ ಕೂರುವ ಪುಟ್ಟ ಬೋರ್ಡಿಗೆ ಹ್ಯಾಟ್ ಎನ್ನುತ್ತಾರೆ. ಪೈ 5ರಲ್ಲಿ ಆ ಪಿನ್ನುಗಳ ಜಾಗ ಬದಲಾಗಿದೆ. ಹಾಗಾಗಿ ಹಳೆಯ ಹ್ಯಾಟ್ ಅದಕ್ಕೆ ಕೂರದು. ಅದಕ್ಕೆಂದೇ ಮಾಡಿದ್ದನ್ನು ಕೇಳಿ ತೆಗೆದುಕೊಳ್ಳಿ. ಹಳೆಯ ಪೈ 3ಬಿಯಲ್ಲಿ ಈ ಪಿನ್ನುಗಳಿಲ್ಲ. ಪೈ ಝೀರೋದಲ್ಲಿ ನೆಟ್‌ವರ್ಕ್ ಕೇಬಲ್ಲಿನ ಕಿಂಡಿಯೇ ಇಲ್ಲ.

ಇನ್ನೊಂದು ದಾರಿ ಸ್ಪ್ಲಿಟರ್. ಕೇಬಲ್ ಇದರೊಳಗೆ ಹೋಗಿ ಎರಡಾಗಿ ಹೊರಬರುತ್ತದೆ, ಒಂದು ಡೇಟಾ, ಇನ್ನೊಂದು 5 ವೋಲ್ಟಿನ ಯುಎಸ್‌ಬಿ ಪಿನ್. ತೋಟಕ್ಕೆ ನಾನು ಆರಿಸುವುದು ಸ್ಪ್ಲಿಟರನ್ನೇ. ಹ್ಯಾಟ್ ಆ ನಾಲ್ಕರ ಜೊತೆಗೆ ಪೈಯ 40 ಪಿನ್ನುಗಳ ಮೇಲೂ ಕೂರುತ್ತದೆ. ಮಳೆಮಾಪಕದ ವೈರ್ ಸೇರಿಸಲು ಉದ್ದ ಪಿನ್ನಿನ ಹೆಡರ್ ಹುಡುಕಬೇಕು. ಸ್ಪ್ಲಿಟರ್ ಆದರೆ ಪಿನ್ನುಗಳೆಲ್ಲ ಖಾಲಿ. ಕೆಟ್ಟರೆ ಅದೊಂದನ್ನೇ ಬದಲಿಸಿದರಾಯಿತು. ಕೊಳ್ಳುವಾಗ ಮೇಲೆ 802.3ಎಎಫ್ ಅಥವಾ ಎಟಿ ಎಂದು ಬರೆದಿದೆಯೇ, 5 ವೋಲ್ಟ್ ಎಷ್ಟು ಆಂಪಿಯರ್ ಕೊಡುತ್ತದೆ ಎಂದು ನೋಡಿ. 2.4 ಆಂಪಿಯರಿನದು ಮಳೆ ಅಳೆಯುವ ಪೈ 3ಬಿ ಪ್ಲಸ್ ಅಥವಾ ಪೈ 4ಕ್ಕೆ ಸಾಕು. ಪೈ 5ಕ್ಕೆ 5 ಆಂಪಿಯರ್ ಕೊಡಬೇಕೆಂಬುದು ತಯಾರಕರ ಮಾತು. ಕಡಿಮೆ ಕೊಟ್ಟರೆ ಅದರ ಯುಎಸ್‌ಬಿ ಕಿಂಡಿಗಳು ಒಟ್ಟು 600 ಮಿಲಿ ಆಂಪಿಯರಿಗೆ ಸೀಮಿತವಾಗುತ್ತವೆ. ಸುಮ್ನೆ ಮಳೆ ಎಣಿಸಲು ಪೈ 5 ಬೇಕಾಗಿಯೂ ಇಲ್ಲ.

ಹ್ಯಾಟ್ ಹಾಕಿದ ಪೈಗೆ ಅದೇ ಹೊತ್ತಿಗೆ ಬೇರೆ ಚಾರ್ಜರ್ ಸಿಕ್ಕಿಸಬೇಡಿ.

ಹೆಜ್ಜೆ 3: ಮನೆ ಕಡೆಯ ಸ್ವಿಚ್ಚು

ನಿಮ್ಮಲ್ಲಿ ಸಿಸಿಟಿವಿ ಇದ್ದರೆ ಪಿಒಇ ಸ್ವಿಚ್ಚು ಈಗಾಗಲೇ ಇರಬಹುದು. ಒಂದು ಪೋರ್ಟ್ ಖಾಲಿ ಇದೆಯೇ, ಎಲ್ಲ ಪೋರ್ಟ್ ಸೇರಿ ಎಷ್ಟು ವಾಟ್ ಕೊಡುತ್ತದೆ ಎಂದು ನೋಡಿ. ಹೊಸದು ಕೊಳ್ಳುವುದಾದರೆ ಮ್ಯಾನೇಜ್ಡ್ ಸ್ವಿಚ್ಚಿಗೆ ಸ್ವಲ್ಪ ಹೆಚ್ಚು ದುಡ್ಡು ಕೊಡಿ. ಪೈ ಹ್ಯಾಂಗ್ ಆದರೆ ಮನೆಯಲ್ಲೇ ಕೂತು ಆ ಪೋರ್ಟಿನ ಕರೆಂಟ್ ತೆಗೆದು ಹಾಕಬಹುದು. ಜುಲೈ ಮಳೆಯಲ್ಲಿ, ಜಿಗಣೆ ಕಚ್ಚಿಸಿಕೊಂಡು ತೋಟದ ತುದಿಗೆ ಹೋಗುವುದು ತಪ್ಪುತ್ತದೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ತಾರಸಿಯ ಮೇಲೆ ವೈರ್‌ಲೆಸ್ ಇಂಟರ್ನೆಟ್ ರೇಡಿಯೋ ಇರುವ ಮನೆಗಳಲ್ಲಿ ಹೆಚ್ಚಾಗಿ ಕೇಬಲ್ಲಿಗೆ ಕರೆಂಟ್ ತುಂಬುವ 24 ವೋಲ್ಟಿನ ಸಣ್ಣ ಇಂಜೆಕ್ಟರ್ ಇರುತ್ತದೆ. ಇಂಥ ಪ್ಯಾಸಿವ್ ಇಂಜೆಕ್ಟರ್ ಆ ತುದಿಯಲ್ಲಿ ಏನಿದೆ ಎಂದು ಕೇಳುವುದೇ ಇಲ್ಲ, ಸದಾ ಕರೆಂಟ್ ಬಿಡುತ್ತಿರುತ್ತದೆ. ಅದಕ್ಕೆ ಪೈಯನ್ನಾಗಲಿ, ಲ್ಯಾಪ್‌ಟಾಪನ್ನಾಗಲಿ ಸಿಕ್ಕಿಸಿದರೆ ಹಾಳಾಗುವ ಅಪಾಯವಿದೆ. ಅದರ ಮೇಲೆ ಚೀಟಿ ಅಂಟಿಸಿ ದೂರ ಇಡಿ.

ಸ್ವಿಚ್ಚು ಮತ್ತು ರೂಟರ್ ಎರಡನ್ನೂ ಇನ್ವರ್ಟರ್ ಲೈನಿಗೆ ಸೇರಿಸಿ. ಪೈ 5 ವಾಟ್ ಎಳೆದರೆ ದಿನಕ್ಕೆ 120 ವಾಟ್ ಅವರ್. 12 ವೋಲ್ಟಿನ 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವಾಟ್ ಅವರ್ ಇದೆ. ಇನ್ವರ್ಟರ್ ತಾನೂ ಒಂದಷ್ಟು ತಿನ್ನುತ್ತದೆ, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುವಂತೆಯೂ ಇಲ್ಲ. ಆದರೂ ಪೈಯಿಂದ ಬೀಳುವ ಹೊರೆ ತೀರಾ ಕಡಿಮೆ. ಕರೆಂಟ್ ಪದೇ ಪದೇ ಹೋಗಿ ಬಂದು ಮೆಮೊರಿ ಕಾರ್ಡ್ ಕೆಡುವುದೂ ಕಡಿಮೆಯಾಗುತ್ತದೆ.

ಹೆಜ್ಜೆ 4: ಕೇಬಲ್ಲು, ಇಲ್ಲಿ ಕಂಜೂಸುತನ ಬೇಡ

ಹೊರಾಂಗಣದ, ಪೂರ್ತಿ ತಾಮ್ರದ ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ ಕೇಳಿ. ಅಗ್ಗಕ್ಕೆ ಸಿಗುವ ಸಿಸಿಎ ಕೇಬಲ್ ಅಲ್ಯೂಮಿನಿಯಮ್ಮಿನ ಮೇಲೆ ತಾಮ್ರದ ಲೇಪ ಇರುವಂಥದ್ದು. ಅದರ ತಡೆ ತಾಮ್ರದ ಸುಮಾರು ಒಂದೂವರೆ ಪಟ್ಟು. ಬಾಗಿಸಿದರೆ ಬೇಗ ಮುರಿಯುತ್ತದೆ. ತೇವ ತಾಗಿದ ತುದಿ ಹಾಳಾಗುತ್ತದೆ. ಅಂಗಡಿಯಲ್ಲೇ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ, ಬೆಳ್ಳಗೆ ಹೊಳೆದರೆ ಸಿಸಿಎ.

ಕೇಬಲ್ಲನ್ನು ಮರದಿಂದ ಮರಕ್ಕೆ ಎಳೆದರೆ ಮರಗಸಿಯ ಸಮಯದಲ್ಲಿ ಕೊಂಬೆಯ ಜೊತೆ ಅದೂ ಬೀಳುತ್ತದೆ. ಆನೆ ಓಡಾಡುವ ತೋಟವಾದರೆ ಹೇಳುವುದೇ ಬೇಡ. ನೆಲದ ಮೇಲೆ ಬಿಟ್ಟರೆ ಕಳೆ ಹೊಡೆಯುವ ಮಷೀನಿಗೆ ಸಿಗುತ್ತದೆ, ಇಲಿಯೂ ಕಡಿಯುತ್ತದೆ. ನೀರಾವರಿಗೆ ತಂದ ಕಪ್ಪು ಎಚ್‌ಡಿಪಿಇ ಪೈಪ್ ಮಿಕ್ಕಿದ್ದರೆ ಅದರೊಳಗೆ ತೂರಿಸಿ ಒಂದೂವರೆ ಅಡಿ ಆಳದಲ್ಲಿ ಹೂಳಿ. ಪೈಪಿನೊಳಗೆ ಒಂದು ನೈಲಾನ್ ಹಗ್ಗವನ್ನೂ ಬಿಡಿ. ಮುಂದೆ ಕೇಬಲ್ ಬದಲಿಸಬೇಕಾದರೆ ಅಗೆಯದೇ ಎಳೆಯಬಹುದು. ಎಲ್ಲಿ ಹೂಳಿದ್ದೀರಿ ಎಂದು ಕೆಲಸದವರಿಗೆ ತೋರಿಸಿ.

ಎರಡೂ ತುದಿಯಲ್ಲಿ ಎಳೆಗಳ ಸಾಲು ಒಂದೇ ಇರಬೇಕು: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಎಂಟೂ ಎಳೆ ಸರಿಯಾಗಿ ಕೂತಿವೆಯೇ ಎಂದು ನೆಟ್‌ವರ್ಕ್ ಕೇಬಲ್ಲಿನ ಟೆಸ್ಟರ್ ಹಾಕಿ ನೋಡಿ. ಬರೀ ಡೇಟಾಕ್ಕೆ ನಾಲ್ಕು ಎಳೆಯಲ್ಲೂ ಕೆಲಸ ನಡೆದೀತು. ಆದರೆ ಕೆಲವು ಸ್ವಿಚ್ಚುಗಳು ಕರೆಂಟನ್ನು ಉಳಿದ ನಾಲ್ಕರಲ್ಲಿ ಕಳಿಸುತ್ತವೆ.

ಹೆಜ್ಜೆ 5: ಸಿಡಿಲು

ಇದನ್ನು ಓದದೇ ಮುಂದೆ ಹೋಗಬೇಡಿ. ಹೂಮಳೆ, ಅದರ ಬೆನ್ನಿಗೆ ಬರುವ ಬ್ಯಾಕಿಂಗ್ ಮಳೆ ಎರಡೂ ಗುಡುಗು ಸಿಡಿಲಿನ ಜೊತೆ ಬರುತ್ತವೆ. ಹತ್ತಿರ ಎಲ್ಲೋ ಸಿಡಿಲು ಬಡಿದರೂ ಹತ್ತಾರು ಮೀಟರಿನ ತಾಮ್ರದಲ್ಲಿ ದೊಡ್ಡ ವೋಲ್ಟೇಜ್ ಏಳುತ್ತದೆ. ಗುಡುಗಿದಾಗ ಕೇಬಲ್ ಕಿತ್ತಿಡಿ ಎಂಬ ಸಲಹೆ ಸುಲಭದ್ದು. ಹಾಗೆ ಮಾಡಿದರೆ ವರ್ಷದಲ್ಲಿ ಬಹಳ ಮುಖ್ಯವಾದ ಮಳೆಯ ಲೆಕ್ಕವೇ ಕೈತಪ್ಪುತ್ತದೆ, ಅಲ್ವಾ?

ಆದ್ದರಿಂದ ಪಿಒಇಗೆ ಹೊಂದುವ ಸರ್ಜ್ ಪ್ರೊಟೆಕ್ಟರನ್ನು ಎರಡೂ ತುದಿಯಲ್ಲಿ ಹಾಕಿ. ಅದರ ಹಸಿರು ವೈರನ್ನು ಅರ್ಥಿಂಗಿಗೆ ಸೇರಿಸದಿದ್ದರೆ ಅದು ಇದ್ದೂ ಇಲ್ಲದಂತೆ. ಮನೆ ಕಡೆ ಮನೆಯ ಅರ್ಥಿಂಗ್, ಪೈ ಇರುವ ಡಬ್ಬಿಯ ಕಡೆ ನೆಲಕ್ಕೆ ಹೊಡೆದ ಒಂದು ಅರ್ಥ್ ರಾಡ್, ಎರಡಕ್ಕೂ ವೈರ್ ಆದಷ್ಟು ಗಿಡ್ಡವಿರಲಿ. ಈ ಕೆಲಸವನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ನೇರವಾಗಿ ಬಡಿಯುವ ಸಿಡಿಲನ್ನು ಯಾವ ಪ್ರೊಟೆಕ್ಟರೂ ತಡೆಯದು. ಗುಡುಗುವಾಗ ನೀವು ಕೇಬಲ್ ಮುಟ್ಟಲೂ ಬೇಡಿ.

ಹೆಜ್ಜೆ 6: ಡಬ್ಬಿ

ಪೈ ಇಡಲು ಐಪಿ65 (ಧೂಳು, ನೀರು ತಡೆಯುವ ದರ್ಜೆ) ಅಥವಾ ಅದಕ್ಕಿಂತ ಮೇಲಿನ ಡಬ್ಬಿ ತನ್ನಿ. ವೈರ್‌ಗಳು ಕೆಳಗಿನಿಂದಲೇ, ತೂತನ್ನು ವೈರಿನ ಸುತ್ತ ಬಿಗಿಯಾಗಿ ಮುಚ್ಚುವ ಗ್ಲ್ಯಾಂಡ್ ಮೂಲಕ ಒಳಹೋಗಲಿ. ಕೇಬಲ್ ಡಬ್ಬಿಗಿಂತ ಕೆಳಗೆ ಒಮ್ಮೆ ಬಳುಕಿ ಮೇಲೇರಲಿ. ಆಗ ಅದರ ಮೇಲೆ ಹರಿದ ನೀರು ಬಳುಕಿನಲ್ಲೇ ತೊಟ್ಟಿಕ್ಕುತ್ತದೆ. ಒಳಗೆ ಸಿಲಿಕಾ ಜೆಲ್ ಚೀಲ ಇಡಿ. ಬೆಚ್ಚಗಿರುವ ಡಬ್ಬಿ ಎಂದರೆ ಇರುವೆಗೂ ಹಲ್ಲಿಗೂ ಇಷ್ಟ, ಒಂದು ತೂತನ್ನೂ ತೆರೆದಿಡಬೇಡಿ.

ಹೆಜ್ಜೆ 7: ಜೋಡಿಸಿ ನೋಡುವುದು

ಹೂಳುವ ಮೊದಲು ಎಲ್ಲವನ್ನೂ ಮನೆಯ ಮೇಜಿನ ಮೇಲೆ ಜೋಡಿಸಿ. ಮೊದಲು ಗಿಡ್ಡ ಕೇಬಲ್, ಆಮೇಲೆ ತೋಟಕ್ಕೆ ಹಾಕಲಿರುವ ಅದೇ ಉದ್ದ ಕೇಬಲ್. ಸುರುಳಿ ಬಿಚ್ಚದೆಯೂ ನಡೆಯುತ್ತದೆ. ಒಂದು ರಾತ್ರಿ ಪೂರ್ತಿ ಓಡಲು ಬಿಡಿ. ವೋಲ್ಟೇಜ್ 4.63ರ ಆಸುಪಾಸಿಗಿಂತ ಕೆಳಗಿಳಿದರೆ ಪೈ ತನ್ನ ಲಾಗಿನಲ್ಲಿ ಅಂಡರ್‌ವೋಲ್ಟೇಜ್ ಎಂದು ಬರೆಯುತ್ತದೆ. ಗಿಡ್ಡ ಕೇಬಲ್ಲಿನಲ್ಲೂ ಆ ಸಾಲು ಕಂಡರೆ ಸ್ಪ್ಲಿಟರ್ ಅಥವಾ ಅದರ ಯುಎಸ್‌ಬಿ ಪಿನ್ ಬದಲಿಸಿ. ಉದ್ದ ಕೇಬಲ್ಲಿನಲ್ಲಿ ಪೈ ಆಗಾಗ ಆಫ್ ಆಗಿ ಆನ್ ಆಗುತ್ತಿದ್ದರೆ ಎರಡೂ ತುದಿಯ ಕ್ರಿಂಪನ್ನು (ಎಳೆಗಳನ್ನು ಒತ್ತಿ ಕೂರಿಸಿದ ಪ್ಲಗ್ಗನ್ನು) ಕತ್ತರಿಸಿ ಹೊಸದಾಗಿ ಹಾಕಿ. ಆಮೇಲೂ ಸರಿಹೋಗದಿದ್ದರೆ ಕೇಬಲ್ಲನ್ನು ಅಂಗಡಿಗೆ ಹಿಂತಿರುಗಿಸಿ ಬೇರೆ ತನ್ನಿ. ಗುಂಡಿ ತೋಡುವುದು ಅದಾದ ಮೇಲೆ.