ಬಸುರಿಯ ಶುಗರ್ ಟೆಸ್ಟ್: ಕೆಡಿಸದೆ ಮಾಡಿಸಿಕೊಳ್ಳುವುದು ಹೇಗೆ?

ನಾಲ್ಕು ಕೆ.ಜಿ. ತೂಗುವ ಗುಂಡು ಕೂಸು ಹುಟ್ಟಿದರೆ ನಮ್ಮಲ್ಲಿ ಬೀದಿಗೆಲ್ಲ ಪೇಡ ಹಂಚುತ್ತಾರೆ. ಹಂಚಲಿ. ಆದರೆ ತಾಯಿಯ ಶುಗರ್ ಟೆಸ್ಟ್ ಏನಾಯಿತು ಎಂದು ಕೇಳಿ ನೋಡಿ. "ಮಾಡಿಸಿದ್ವಿ, ನಾರ್ಮಲ್ ಅಂದ್ರು" ಅನ್ನುತ್ತಾರೆ. ಹೇಗೆ ಮಾಡಿಸಿದಿರಿ ಎಂದು ಕೆದಕಿದರೆ ಬಣ್ಣ ಬಯಲಾಗುತ್ತದೆ: ಗ್ಲೂಕೋಸ್ ನೀರು ಅರ್ಧ ಕುಡಿದು ಅರ್ಧ ಚೆಲ್ಲಿದ್ದು, ನಡುವೆ ಕ್ಯಾಂಟೀನ್ ಕಾಫಿ, ಬಸ್ಸಿಗೆ ಹೊತ್ತಾಯಿತೆಂದು ಎರಡು ಗಂಟೆ ಕಾಯದೆ ಒಂದೂವರೆ ಗಂಟೆಗೇ ರಕ್ತ ಕೊಟ್ಟು ಎದ್ದದ್ದು.

ಈ ಟೆಸ್ಟಿಗೂ ಮಗುವಿನ ಗುಂಡುತನಕ್ಕೂ, ಮುಂದೆ ಬರಬಹುದಾದ ಬೊಜ್ಜಿಗೂ ಏನು ಸಂಬಂಧ? ತಾಯಿಯ ರಕ್ತದಲ್ಲಿರುವ ಸಕ್ಕರೆ ಮಾಸನ್ನು (ಪ್ಲಾಸೆಂಟಾ) ದಾಟಿ ಮಗುವಿಗೆ ಹೋಗುತ್ತದೆ, ಆಕೆಯ ಇನ್ಸುಲಿನ್ ಹೋಗುವುದಿಲ್ಲ. ಹೆಚ್ಚಾಗಿ ಬಂದ ಸಕ್ಕರೆಗೆ ಮಗುವೇ ಇನ್ಸುಲಿನ್ ತಯಾರಿಸಿಕೊಳ್ಳಬೇಕು, ಆ ಇನ್ಸುಲಿನ್ ಸಕ್ಕರೆಯನ್ನು ಕೊಬ್ಬಾಗಿಸಿ ಚರ್ಮದಡಿ ಕೂಡಿಡುತ್ತದೆ. ಡೆನ್ಮಾರ್ಕ್‌ನ ವೈದ್ಯ ಯೋರ್ಗನ್ ಪೆಡರ್ಸನ್ 1950ರ ದಶಕದಲ್ಲೇ ಇದನ್ನು ವಿವರಿಸಿದ್ದರು. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆ ಅನ್ನುತ್ತಾರಲ್ಲ ಅಲ್ಲಿ, 1997-98ರಲ್ಲಿ ಬಸುರಿಯರನ್ನು ಸೇರಿಸಿಕೊಂಡು ಶುರುವಾದ ಪಾರ್ಥೆನಾನ್ ಅಧ್ಯಯನ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಬಸಿರಿನಲ್ಲಿ ಶುಗರ್ ಇದ್ದ ತಾಯಂದಿರ ಮಕ್ಕಳಲ್ಲಿ, ಮುಖ್ಯವಾಗಿ ಹೆಣ್ಣುಮಕ್ಕಳಲ್ಲಿ, ಐದನೇ ವಯಸ್ಸಿಗೇ ಚರ್ಮದಡಿಯ ಕೊಬ್ಬು ಹೆಚ್ಚಿತ್ತು. ಒಂಬತ್ತು-ಹತ್ತರ ಹೊತ್ತಿಗೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಲಕ್ಷಣವೂ ಕಂಡಿತು.

ಹಾಗಾದರೆ ಸಣಕಲು ಮಗು ಸುರಕ್ಷಿತವೇ? ಅದೂ ಅಲ್ಲ. ಪುಣೆಯ ಡಾ. ಯಾಜ್ಞಿಕ್ ಅವರ ತಂಡ ತೋರಿಸಿದಂತೆ ನಮ್ಮ ಕಡಿಮೆ ತೂಕದ ಶಿಶುಗಳಲ್ಲಿ ಮಾಂಸಖಂಡ ಕಡಿಮೆ ಇರುತ್ತದೆ, ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆ ಇರುವುದಿಲ್ಲ. ತಾಯಿ ಸೊರಗಿದ್ದರೂ ಲೆಕ್ಕ ತಪ್ಪುತ್ತದೆ.

ಹಂತ 1: ಬಸಿರಿಗೆ ಮೊದಲು

ತೂಕ, ಎತ್ತರ ಅಳೆಸಿ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 23 ದಾಟಿದರೆ ಭಾರತೀಯರಿಗೆ ಅದು ಹೆಚ್ಚೇ. ಹೊಗೆಸೊಪ್ಪು ಬಿಡಿ, ಗಂಡ ಮನೆಯೊಳಗೆ ಸಿಗರೇಟು ಸೇದುವುದನ್ನು ನಿಲ್ಲಿಸಲಿ. ಬಸುರಿ ತಂಬಾಕು ಸೇದಿದರೆ ಮಗುವಿಗೆ ಮುಂದೆ ಬೊಜ್ಜು ಬರುವ ಸಂಭವ ಹೆಚ್ಚು.

ಹಂತ 2: ಎರಡು ಸಲ, ಒಂದೇ ಸಲವಲ್ಲ

ತಾಯಿ ಕಾರ್ಡ್ ಮಾಡಿಸುವ ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ. ತಪ್ಪಿಹೋಗುವುದು ಎರಡನೆಯದು. ಮಾಸಿನ ಹಾರ್ಮೋನುಗಳು ಇನ್ಸುಲಿನ್ನಿಗೆ ಅಡ್ಡಗಾಲು ಹಾಕುವುದು ಆಗಲೇ, ಹಾಗಾಗಿ ಮೂರನೇ ತಿಂಗಳ "ನಾರ್ಮಲ್" ಆರನೇ ತಿಂಗಳಿಗೆ ಅನ್ವಯಿಸುವುದಿಲ್ಲ.

ಹಂತ 3: ಟೆಸ್ಟ್ ದಿನ

ಎಲ್ಲರೂ ಎಡವುವುದು ಇಲ್ಲೇ.

ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಟೆಸ್ಟಿಗೆ ಖಾಲಿ ಹೊಟ್ಟೆ ಬೇಕಿಲ್ಲ. 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿ.ಲೀ. ನೀರಿನಲ್ಲಿ ಕದಡಿ ಕುಡಿಯಬೇಕು, ಎರಡು ಗಂಟೆಯ ನಂತರ ರಕ್ತ ಕೊಡಬೇಕು. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಾವಸ್ಥೆಯ ಮಧುಮೇಹ. ಕೆಲವು ಖಾಸಗಿ ಆಸ್ಪತ್ರೆಗಳು ಖಾಲಿ ಹೊಟ್ಟೆಯಲ್ಲಿ ಕರೆದು ಮೂರು ಸಲ ರಕ್ತ ತೆಗೆಯುತ್ತವೆ. ಅಲ್ಲಿ ಮಿತಿ ಬೇರೆ: ಖಾಲಿ ಹೊಟ್ಟೆಗೆ 92, ಗ್ಲೂಕೋಸ್ ಕುಡಿದ ಒಂದು ಗಂಟೆಗೆ 180, ಎರಡು ಗಂಟೆಗೆ 153. ಮೂರರಲ್ಲಿ ಒಂದು ಮುಟ್ಟಿದರೂ ಸಾಕು. ನಿಮ್ಮದು ಯಾವ ಟೆಸ್ಟ್ ಎಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಿ.

75 ಗ್ರಾಂ ಎಂದರೆ ತೂಕ ಮಾಡಿದ 75 ಗ್ರಾಂ. ಅಂಗಡಿಯಿಂದ 100 ಗ್ರಾಂ ಪೊಟ್ಟಣ ತಂದು "ಮುಕ್ಕಾಲು ಪಾಲು ಹಾಕಿ" ಎಂದು ಕಣ್ಣಳತೆಯಲ್ಲಿ ಸುರಿಯುವ ಲ್ಯಾಬ್‌ಗಳಿವೆ. ಬಿಸಿಲಿಗೆಂದು ಮಾರುವ ಕಿತ್ತಳೆ ರುಚಿಯ ಗ್ಲೂಕೋಸ್ ಪುಡಿಯಂತೂ ಬೇಡವೇ ಬೇಡ, ಅದರಲ್ಲಿ ಗ್ಲೂಕೋಸ್ ಜೊತೆಗೆ ಬೇರೆ ಸಕ್ಕರೆಯೂ ಸೇರಿರಬಹುದು. ಕಣ್ಣೆದುರೇ ತೂಗಲು ಹೇಳಿ. ಮುಖ ಗಂಟಿಕ್ಕಿದರೆ ಇಕ್ಕಲಿ.

ಕುಡಿಯಲು ಐದರಿಂದ ಹತ್ತು ನಿಮಿಷ. ಅರ್ಧ ಗಂಟೆ ಗುಟುಕರಿಸುತ್ತ ಕೂತರೆ ಸಕ್ಕರೆ ಮೆಲ್ಲಗೆ ಏರಿ, ಎರಡು ಗಂಟೆಯ ಅಂಕಿ ಸುಳ್ಳು ಹೇಳುತ್ತದೆ. ತಣ್ಣಗಿದ್ದರೆ ಓಕರಿಕೆ ಕಡಿಮೆ, ಕುಡಿಯಲೂ ಸಲೀಸು. ಗಡಿಯಾರ ನೋಡಿ ಸಮಯ ಬರೆದಿಟ್ಟುಕೊಳ್ಳಿ.

ವಾಂತಿಯಾದರೆ? ಮುಚ್ಚಿಡಬೇಡಿ. ಅರ್ಧ ಗಂಟೆಯೊಳಗೆ ಆದರೆ ಟೆಸ್ಟ್ ಆ ದಿನಕ್ಕೆ ಮುಗಿಯಿತು, ಮರುದಿನ ಮತ್ತೆ ಮಾಡಬೇಕು. ಅರ್ಧ ಗಂಟೆ ಕಳೆದ ಮೇಲೆ ಆದರೆ ಮುಂದುವರಿಸಬಹುದು. ಅತ್ತೆ ಕಾಯುತ್ತಿದ್ದಾರೆ, ಆಟೋ ನಿಂತಿದೆ ಎಂದು ಬಾಯಿ ಒರೆಸಿಕೊಂಡು ಸುಮ್ಮನೆ ಕೂತವರ ರಿಪೋರ್ಟನ್ನು ನಂಬುವಂತಿಲ್ಲ.

ಆ ಎರಡು ಗಂಟೆ ಕೂತೇ ಇರಿ. ಪಕ್ಕದ ಮಳಿಗೆಗೆ ಸೀರೆ ನೋಡಲು ನಡೆದರೆ ಸ್ನಾಯುಗಳು ಸಕ್ಕರೆ ಬಳಸಿಬಿಡುತ್ತವೆ. ನೀರು ಗುಟುಕರಿಸಬಹುದು. ಬಿಸ್ಕತ್ತು, ಎಳನೀರು, ಎಲೆ ಅಡಿಕೆ ಯಾವುದೂ ಬೇಡ.

ಇನ್ನು ಜಾಣರ ಒಂದು ಅಡ್ಡದಾರಿ: ಟೆಸ್ಟಿಗೆ ವಾರ ಮುಂಚೆ ಅನ್ನ, ಸಿಹಿ ಬಿಟ್ಟು "ಪಾಸ್" ಆಗುವುದು. ಇದು ಎಸ್ಸೆಸ್ಸೆಲ್ಸಿ ಅಲ್ಲ. ಹಿಂದಿನ ಮೂರು ದಿನ ಎಂದಿನಂತೆ ಉಣ್ಣಿ. ಮೂತ್ರದಲ್ಲಿ ಸಕ್ಕರೆ ಇಲ್ಲ, ಅದೇ ಸಾಕು ಎಂಬ ವಾದವೂ ನಿಲ್ಲುವುದಿಲ್ಲ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಕೂಡ ಇದಕ್ಕೆ ಬದಲಿಯಲ್ಲ, ರಕ್ತಹೀನತೆ ಇದ್ದರೆ ಅದರ ಅಂಕಿ ದಾರಿ ತಪ್ಪಿಸುತ್ತದೆ.

ಹಂತ 4: ಶುಗರ್ ಬಂತು ಎಂದಾದರೆ ತಟ್ಟೆ ತಿದ್ದಿ

ಊಟದ ಎರಡು ಗಂಟೆಯ ನಂತರ 120ರ ಒಳಗೆ ಇರಬೇಕು ಎಂಬುದು ಗುರಿ. ಎರಡು ವಾರ ಊಟ, ನಡಿಗೆಯಲ್ಲಿ ಹತೋಟಿಗೆ ಬಾರದಿದ್ದರೆ ವೈದ್ಯರು ಔಷಧ ಕೊಡುತ್ತಾರೆ. ಇನ್ಸುಲಿನ್ ಎಂದಾಕ್ಷಣ ಹೆದರಬೇಡಿ, ಮೇಲೆ ಹೇಳಿದಂತೆ ಅದು ಮಗುವಿಗೆ ದಾಟುವುದಿಲ್ಲ.

ಬಸುರಿಯಲ್ಲಿ ಸಕ್ಕರೆ ಹೆಚ್ಚು ಜಿಗಿಯುವುದು ಬೆಳಗಿನ ತಿಂಡಿಗೆ. ನಾಲ್ಕು ಇಡ್ಲಿ, ಚಟ್ನಿ, ಸಕ್ಕರೆ ಕಾಫಿಯ ಬದಲು ಎರಡು ಇಡ್ಲಿ, ಬೇಳೆ ಗಟ್ಟಿಯಾಗಿರುವ ಒಂದು ಬಟ್ಟಲು ಸಾಂಬಾರು, ಒಂದು ಬೇಯಿಸಿದ ಮೊಟ್ಟೆ. ರಾಗಿ ಒಳ್ಳೆಯದು ನಿಜ, ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಗಂಜಿಗೆ ಬೆಲ್ಲ ಹಾಕಿ ಲೋಟಗಟ್ಟಲೆ ಕುಡಿದರೆ ರಾಗಿಯೂ ಕಾಪಾಡದು. ನನ್ನ ಮಟ್ಟಿಗೆ ಗಂಜಿಗಿಂತ ಮುದ್ದೆ ವಾಸಿ: ನಿಂಬೆಗಿಂತ ತುಸು ದೊಡ್ಡದು, ಜೊತೆಗೆ ಹುರುಳಿಕಾಳು ಬಸ್ಸಾರು, ಪಲ್ಯ. ಊಟವಾದ ಮೇಲೆ ಹದಿನೈದು ನಿಮಿಷ ಅಂಗಳದಲ್ಲೇ ಓಡಾಡಿ.

ಬಸುರಿಯರಿಗೆಂದೇ ಮಾರುವ ಚಾಕೊಲೇಟ್ ರುಚಿಯ ಪುಡಿಗಳ ಡಬ್ಬ ತಿರುಗಿಸಿ ಸಕ್ಕರೆಯ ಸಾಲು ಓದಿ. "ಹೆಲ್ತ್ ಡ್ರಿಂಕ್" ಎಂಬ ಹಣೆಪಟ್ಟಿಗೆ ನಮ್ಮ ಆಹಾರ ಕಾನೂನಿನಲ್ಲಿ ವ್ಯಾಖ್ಯಾನವೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಅಂಥ ಪಾನೀಯಗಳನ್ನು ಆ ವಿಭಾಗದಿಂದ ತೆಗೆಯಲು ಹೇಳಿತು. ಆ ದುಡ್ಡಿಗೆ ಮೊಟ್ಟೆ, ಹಾಲು, ಕಡಲೆಕಾಯಿ ತನ್ನಿ. ಅಪ್ಪಟ ಸಸ್ಯಾಹಾರಿಗಳು ವಿಟಮಿನ್ ಬಿ12 ಮಟ್ಟ ನೋಡಿಸಿಕೊಳ್ಳುವುದು ಮೇಲು. ಯಾಜ್ಞಿಕ್ ತಂಡದ ಪುಣೆಯ ಅಧ್ಯಯನದಲ್ಲಿ ಬಿ12 ಕಡಿಮೆ, ಫೋಲೇಟ್ (ಫೋಲಿಕ್ ಆಮ್ಲ) ಹೆಚ್ಚು ಇದ್ದ ತಾಯಂದಿರ ಮಕ್ಕಳಲ್ಲೇ ಆರನೇ ವಯಸ್ಸಿಗೆ ಇನ್ಸುಲಿನ್ ತೊಂದರೆ ಹೆಚ್ಚು ಕಂಡದ್ದು. ಹಾಗೆಂದು ಫೋಲಿಕ್ ಆಮ್ಲದ ಮಾತ್ರೆ ನಿಲ್ಲಿಸಬೇಡಿ.

ಹಂತ 5: ಊಟದ ಲೆಕ್ಕ

"ಇಬ್ಬರ ಊಟ ಉಣ್ಣು" ಅನ್ನುವವರಿಗೆ ಹೇಳಿ: ಬಸುರಿಗೆ ಹೆಚ್ಚಿಗೆ ಬೇಕಿರುವುದು ದಿನಕ್ಕೆ ಸುಮಾರು 350 ಕ್ಯಾಲೊರಿ. ಒಂದು ಮೊಟ್ಟೆ, ಒಂದು ಲೋಟ ಹಾಲು, ಒಂದು ಹಿಡಿ ಕಡಲೆಕಾಯಿಗೆ ಅದು ಮುಗಿಯಿತು.

ಹಂತ 6: ಹೆರಿಗೆಯ ನಂತರ

ಇಲ್ಲೊಂದು ಮಾತು ನೇರವಾಗಿ ಹೇಳಬೇಕು. ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸೌಮ್ಯ ಶುಗರ್‌ಗೆ ಚಿಕಿತ್ಸೆ ಪಡೆದವರ ಶಿಶುಗಳು ಹುಟ್ಟುವಾಗ ಕಡಿಮೆ ಕೊಬ್ಬಿನೊಂದಿಗೆ ಹುಟ್ಟಿದವು. ಅದೇ ಮಕ್ಕಳನ್ನು ಐದರಿಂದ ಹತ್ತರ ವಯಸ್ಸಿನಲ್ಲಿ ನೋಡಿದಾಗ ಬೊಜ್ಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಬಸಿರಿನ ನಾಲ್ಕು ತಿಂಗಳ ಪಥ್ಯ ಒಂದೇ ಎಲ್ಲವನ್ನೂ ಮಾಡದು. ಆರು ತಿಂಗಳು ಬರೀ ಎದೆಹಾಲು ಕೊಡಿ, ಒಂದು ವರ್ಷದೊಳಗಿನ ಕೂಸಿಗೆ ಸಕ್ಕರೆ ತಿನ್ನಿಸಬೇಡಿ.

ತಾಯಿಗೂ ಆರನೇ ವಾರಕ್ಕೆ 75 ಗ್ರಾಂ ಟೆಸ್ಟ್ ಮತ್ತೊಮ್ಮೆ ಆಗಬೇಕು, ಈ ಸಲ ಖಾಲಿ ಹೊಟ್ಟೆಯಲ್ಲಿ. ಬಾಣಂತನದ ಗಡಿಬಿಡಿಯಲ್ಲಿ ಇದನ್ನು ಯಾರೂ ನೆನಪಿಡುವುದಿಲ್ಲ. ಮಗುವಿನ ಲಸಿಕೆಯೂ ಅದೇ ಆರನೇ ವಾರಕ್ಕೆ ಬರುತ್ತದೆ. ಆಶಾ ಕಾರ್ಯಕರ್ತೆಗೆ ಮೊದಲೇ ಹೇಳಿಟ್ಟು ಎರಡನ್ನೂ ಒಂದೇ ದಿನ ಮುಗಿಸಿಕೊಳ್ಳಿ.